ಒದ್ದೆ ಪಂಚೆ ಹೊದ್ದ ಬಣ್ಣಗಳು

ತೆರೆದಿಟ್ಟ ಪಾತ್ರೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ದೋಸೆ ಹಿಟ್ಟಿನ ಉಸ್ತುವಾರಿ ನನ್ನದಾಗಿತ್ತು. ರುಬ್ಬಿದ್ದನ್ನು ತೆರೆದಿಡಬಾರದು, ಒದ್ದೆ ಬಟ್ಟೆ ಹೊದಿಸಬೇಕು, ಇಲ್ಲದಿದ್ದರೆ ಮೇಲ್ಭಾಗ ಒಣಗುತ್ತದೆ ಎನ್ನುವುದು ಅಲ್ಲಿನ ಶಿಸ್ತು. ನಿವೃತ್ತನಾಗಿ ಭಾಂಡುಪಿನ ಫ್ಲ್ಯಾಟಿನಲ್ಲಿ ಕುಳಿತ ಮೇಲೂ ನೀರಿನ ಲೋಟಕ್ಕೆ, ಉಪ್ಪಿನ ಭರಣಿಗೆ, ಮೊಸರಿಗೆ ಮುಚ್ಚಳ ಹುಡುಕುತ್ತ ತಿರುಗುತ್ತೇನೆ. "ನಾನು ಬಾಯಿ ತೆರೆದು ಮಲಗಿದ್ರೆ ಅದಕ್ಕೂ ಒಂದು ತಟ್ಟೆ ಮುಚ್ಚಿಯಾರು ಇವರು," ಎಂದು ನನ್ನ ಹೆಂಡತಿ ಗಿರಿಜೆ ನೆಂಟರ ಮುಂದೆ ಹೇಳುವುದುಂಟು. ಅಂಥ ಯೋಚನೆ ನನಗೆ ಬಂದೇ ಇಲ್ಲ ಎಂದು ಪ್ರಮಾಣ ಮಾಡಲಾರೆ.

ನಮ್ಮ ಸೊಸೆ ಸಾಯಲಿ ಮರಾಠಿ ಮನೆಯ ಹುಡುಗಿ, ಶಾಲೆಯಲ್ಲಿ ಚಿತ್ರಕಲೆಯ ಟೀಚರು. ಇತ್ತೀಚೆಗೆ ಅವಳಿಗೆ ಮನೆಯಲ್ಲೇ ಜಲವರ್ಣ ತಯಾರಿಸುವ ಹುಚ್ಚು. ಗಾಜಿನ ಹಲಗೆಯ ಮೇಲೆ ಬಣ್ಣದ ಪುಡಿ, ಗೋಂದಿನ ನೀರು, ಒಂದಿಷ್ಟು ಜೇನು ಹಾಕಿ ಗಾಜಿನದೇ ಗುಂಡಿನಿಂದ ನುಣ್ಣಗೆ ಅರೆಯುತ್ತಾಳೆ. ಮಾವಿನ ಹಳದಿ, ಪಪ್ಪಾಯಿ ಕೇಸರಿ, ದಾಸವಾಳದ ಕೆಂಪು, ಗಿಳಿ ಹಸಿರು. ಅಡುಗೆಕಟ್ಟೆಯ ಮೇಲೆ ದಿನವೂ ಮದುವೆಯೂಟದ ಸಡಗರ. ನಾನು ಮೊದಮೊದಲು ಮೂಗು ಮುರಿದೆ. ಆದರೆ ಅರೆಯುವ ಕೆಲಸ ಕಣ್ಣೆದುರೇ ನಡೆಯುವಾಗ ಎಷ್ಟು ದಿನ ಸುಮ್ಮನಿರಲಿ? "ಮಣಿಕಟ್ಟಿನಿಂದ ಅಲ್ಲಮ್ಮ, ಭುಜದಿಂದ ತಿರುಗಿಸು," ಎಂದೆ. ತಿರುಗಿಸಿದಳು. "ಅಪ್ಪಾ, ಏಕದಂ ಮಸ್ತ್! ಕೈ ನೋವೇ ಇಲ್ಲ," ಎಂದಳು. ಬಣ್ಣದ ಉಸ್ತುವಾರಿಗೂ ಅಂದೇ ನನ್ನನ್ನು ನಾನೇ ನೇಮಿಸಿಕೊಂಡೆ.

ಆ ಭಾನುವಾರ ದಹಿಸರಿನ ಕಲಾಮೇಳವೊಂದರಲ್ಲಿ ಅವಳ ಮೊದಲ ಸ್ಟಾಲ್. ಗುರುವಾರ ಸಂಜೆ ಬಣ್ಣಗಳನ್ನೆಲ್ಲ ಪುಟ್ಟ ಬಟ್ಟಲುಗಳಿಗೆ ಸುರಿದು, ಕಿಟಕಿಯ ಬಳಿ ಸಾಲಾಗಿ ಜೋಡಿಸಿ, ಸಾಮಾನು ತರಲು ಹೋದಳು. ಅವು ಒಣಗಿ ಬಿಲ್ಲೆಯಾದರೆ ಮಾತ್ರ ಮಾರಬಹುದು ಎಂಬುದು ಉಸ್ತುವಾರಿಯವರಿಗೆ ತಿಳಿದಿರಲಿಲ್ಲ. ಅವರಿಗೆ ಕಂಡದ್ದು ಇಷ್ಟೇ: ಅರೆದದ್ದು ತೆರೆದಿದೆ. ನನ್ನ ಬಿಳಿ ಪಂಚೆಯೊಂದನ್ನು ನೀರಿನಲ್ಲಿ ಅದ್ದಿ ಹಿಂಡಿ, ಎಲ್ಲದರ ಮೇಲೂ ಹೊದಿಸಿ, ನೆಮ್ಮದಿಯಿಂದ ಮಲಗಿದೆ. ತಡರಾತ್ರಿ ಮರಳಿದ ಸಾಯಲಿ ದೀಪವನ್ನೂ ಹಾಕದೆ ಮಲಗಿಬಿಟ್ಟಳು.

ಬೆಳಿಗ್ಗೆ ಪಂಚೆ ಜೋತುಬಿದ್ದು ಹೊಟ್ಟೆ ತುಂಬ ಬಣ್ಣ ಕುಡಿದಿತ್ತು. ಉಳಿದದ್ದು ಹಿಟ್ಟಿನ ಹದದಲ್ಲೇ ಇತ್ತು.

"ಅಪ್ಪಾ, ಇದು ದೋಸಾ ಅಲ್ಲ ನಾ! ಇದು ಒಣಗ್ಬೇಕು!" ಸಾಯಲಿಯ ಕಣ್ಣು ತುಂಬಿತು. "ಸಂಡೇಗೆ ನಾನು ಏನು ಇಡ್ಲಿ?"

"ಹುಳಿ ಬಂದು ಉಬ್ಬಲಿ ಅಂತ ಕಾದದ್ದಾ ಮಾರಾಯ್ರೆ?" ಎಂದಳು ಗಿರಿಜೆ.

ನಾನು ಟೇಬಲ್ ಫ್ಯಾನ್ ತಂದಿಟ್ಟೆ. ಶನಿವಾರದವರೆಗೂ ಬಟ್ಟಲುಗಳ ಮುಂದೆ ಕೂತು, ಜೇನಿನ ವಾಸನೆಗೆ ಬಂದ ಇರುವೆಗಳನ್ನು ಓಡಿಸುತ್ತ, ಅವುಗಳನ್ನು ಗಾಳಿಗೆ ತಿರುಗಿಸುತ್ತ ಕಾವಲು ಕಾದೆ. ಅಷ್ಟೊಂದು ತೆರೆದ ಬಟ್ಟಲುಗಳು ಕಣ್ಣೆದುರಿಗೆ! ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡೇ ಹೊತ್ತು ಕಳೆದೆ. ಶನಿವಾರ ಸಂಜೆ ಸಾಯಲಿ ಒಂದೊಂದನ್ನೂ ಉಗುರಿನಿಂದ ತಟ್ಟಿದಳು. ಟಕ್, ಟಕ್, ಟಕ್. ಅವಳು ನಕ್ಕಾಗಲೇ ನಾನು ಕೈ ಹೊರತೆಗೆದದ್ದು.

ಭಾನುವಾರ ಸ್ಟಾಲಿಗೆ ಹೋಗಿ ನೋಡಿದರೆ, ಹಿಂಬದಿಯ ಪರದೆಯಾಗಿ ನನ್ನ ಪಂಚೆ! ಹಳದಿ, ಕೇಸರಿ, ಕೆಂಪು, ಹಸಿರು ಚಂದ್ರರು ಸಾಲುಸಾಲಾಗಿ ಹೊಳೆಯುತ್ತಿದ್ದರು. ಪಂಚೆ ನೋಡಲು ನಿಂತವರು ಬಣ್ಣ ಕೊಂಡು ಹೋಗುತ್ತಿದ್ದರು. ಒಬ್ಬ ಮಹಿಳೆ, "ಇದನ್ನು ಮಾಡಿದವರು ಯಾರು?" ಎಂದು ಕೇಳಿದರು. ಸಾಯಲಿ ನನ್ನತ್ತ ಬೆರಳು ತೋರಿಸಿದಳು. ನಾನು ಗಂಟಲು ಸರಿಮಾಡಿಕೊಂಡು, ಬಟ್ಟೆಯನ್ನು ಎಷ್ಟು ಹಿಂಡಬೇಕು, ಹೇಗೆ ಹೊದಿಸಬೇಕು ಎಂದು ಗಂಭೀರವಾಗಿ ವಿವರಿಸತೊಡಗಿದೆ. ಅಷ್ಟರಲ್ಲಿ ಗಿರಾಕಿಗಳು ಹಚ್ಚಿ ನೋಡಲೆಂದು ಇಟ್ಟಿದ್ದ ಬಟ್ಟಲುಗಳು ಕಣ್ಣಿಗೆ ಬಿದ್ದವು. ಅಷ್ಟು ಜನ, ಅಷ್ಟು ಧೂಳು, ಒಂದಕ್ಕೂ ಮುಚ್ಚಳವಿಲ್ಲ.

"ಅಪ್ಪಾ," ಎಂದಳು ಸಾಯಲಿ, ಗಿರಾಕಿಗೆ ಚಿಲ್ಲರೆ ಕೊಡುತ್ತ, ನನ್ನತ್ತ ತಿರುಗಿಯೂ ನೋಡದೆ. "ಕರ್ಚೀಫು ಜೇಬಿಗೆ."