ಕಂಡವರ ಕಂಪ್ಯೂಟರಿನಲ್ಲಿ ನನ್ನ ಕೋಟೆ

ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರೂ ಊರಿನಲ್ಲಿ ಕಂಪ್ಯೂಟರು, ಪ್ರಿಂಟರು ರಿಪೇರಿ ಮಾಡಿಕೊಂಡು ತಿರುಗುವವನು ನಾನು. ಮರ್ಯಾದೆ ಹೋಗುವ ಪ್ರಸಂಗಗಳನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ, ಅವೇ ನನ್ನ ಬೈಕಿನ ನಂಬರ್ ನೋಡಿಕೊಂಡು ಹಿಂದೆ ಬರುತ್ತವೆ. ಅದರಲ್ಲೂ ಹೋದ ವರ್ಷ ಒಂದು ನಲವತ್ತೆಂಟು ದಿನ ಅವು ಸಾಲುಗಟ್ಟಿ ಬಂದವಲ್ಲ, ಅಬ್ಬಬ್ಬಾ, ನನ್ನ ವೈರಿಗೂ ಬೇಡ.

ಕಾರಣ ಒಂದು ಆಟ. ಚಿತ್ರವಿಲ್ಲ, ಬಣ್ಣವಿಲ್ಲ, ಸದ್ದಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಯಾರೋ ಪುಣ್ಯಾತ್ಮ ಕನ್ನಡದಲ್ಲೇ ಮಾಡಿಟ್ಟಿದ್ದಾನೆ. 'ನೀವು ಕೋಟೆಯ ಬಾಗಿಲಲ್ಲಿದ್ದೀರಿ' ಅಂತ ಬರುತ್ತದೆ. 'ಒಳಗೆ ಹೋಗು' ಅಂತ ಟೈಪ್ ಮಾಡಿದರೆ ಒಳಗೆ ಹೋಗುತ್ತೇವೆ. ಬೇರೆ ಬೇರೆ ಊರಿನ ಜನ ಅದೇ ಹೊತ್ತಿಗೆ ಅಲ್ಲಿ ಓಡಾಡುತ್ತಿರುತ್ತಾರೆ, ಮಾತಾಡುತ್ತಾರೆ, ಕಿತ್ತಾಡುತ್ತಾರೆ. ಎಂಥ ಮುದಿ ಕಂಪ್ಯೂಟರಿನಲ್ಲೂ, ಎಂಥ ಕುಂಟು ನೆಟ್ಟಿನಲ್ಲೂ ನಡೆಯುತ್ತದೆ. ಹಾಗಾಗಿ ರಿಪೇರಿ ಮುಗಿದ ಮೇಲೆ ನೆಟ್ ಬರುತ್ತಾ ಅಂತ ನೋಡಲು ಅದನ್ನೇ ತೆರೆಯುತ್ತಿದ್ದೆ. ಆಮೇಲೆ ಅದೇ ಚಟವಾಯಿತು.

ಅಲ್ಲಿ ಒಂದು ಕಾನೂನಿದೆ. ಪಾಳುಬಿದ್ದ ಕೋಟೆ ಹಿಡಿದು, ಒಂದು ಮಂಡಲ ಕಾಲ, ಅಂದರೆ ನಲವತ್ತೆಂಟು ದಿನ, ದಿನಾ ಸಂಜೆ ನಾಲ್ಕರಿಂದ ಆರರೊಳಗೆ ಬಂದು ದೀಪ ಹಚ್ಚಬೇಕು. ಹಚ್ಚಿದರೆ ನಾವೇ ಆ ಕೋಟೆಯ ಪಾಳೇಗಾರರು. ಒಂದೇ ಒಂದು ದಿನ ತಪ್ಪಿದರೂ ಬಾಗಿಲಲ್ಲಿ ಕಾಯುತ್ತಿರುವವನ ಪಾಲು. ನನ್ನ ಬಾಗಿಲಲ್ಲಿ ಗರುಡ ಅನ್ನುವ ಹೆಸರಿನವನೊಬ್ಬ ಬಂದು ಕೂತುಬಿಟ್ಟಿದ್ದ. ದಿನಾ ಅದೇ ಮಾತು, "ಏನ್ ಸಾಹೇಬ್ರೇ, ಇವತ್ತಾದ್ರೂ ಮರೀತೀರಾ?" ನನಗೆ ಮೈಯೆಲ್ಲ ಉರಿ. ನಲವತ್ತೈದು ವರ್ಷವಾದರೂ ಸ್ವಂತದ್ದು ಅಂತ ಒಂದು ಸೈಟೂ ಮಾಡಿಲ್ಲ ನಾನು. ಪಾಳೇಗಾರರು ಆಳಿದ ತರೀಕೆರೆಯಲ್ಲಿ ಹುಟ್ಟಿದವನಿಗೆ ಒಂದ್ಸಲ ಪಾಳೇಗಾರ ಅನ್ನಿಸಿಕೊಳ್ಳುವ ಆಸೆ ಇರಬಾರದೇ? ಆ ಕೋಟೆ ನನಗೆ ಬೇಕೇ ಬೇಕಾಗಿತ್ತು.

ಮೊಬೈಲಿನಲ್ಲಿ ಆ ಆಟ ತೆರೆಯುವುದಿಲ್ಲ. ನಮ್ಮ ಮನೆಯ ಕಂಪ್ಯೂಟರ್ ಕೆಟ್ಟು ಎರಡು ವರ್ಷವಾಯಿತು. ನಮ್ಮ ಬೀಬಿ ಅದರ ಮೇಲೆ ಬಟ್ಟೆ ಹಾಸಿ ಉಪ್ಪಿನಕಾಯಿ ಜಾಡಿ ಇಟ್ಟಿದ್ದಾಳೆ. ಹಾಗಾಗಿ ಸಂಜೆ ನಾಲ್ಕಕ್ಕೆ ಎಲ್ಲಿರುತ್ತೇನೋ ಅಲ್ಲಿಯ ಕಂಪ್ಯೂಟರೇ ನನಗೆ ಗತಿ.

ಕರೆಂಟಿನ ಸಾಬ್ರು

ಅಜ್ಜಂಪುರದ ಒಂದು ಗೊಬ್ಬರದ ಅಂಗಡಿ. ಬಿಲ್ ಹಾಕುವ ಕಂಪ್ಯೂಟರ್ ಕೆಟ್ಟಿದೆ ಅಂತ ಮಾಲೀಕರು ಕರೆಸಿದ್ದರು. ಸರಿಮಾಡಿ ಏಳುವಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ಸು ಕೀಂ ಕೀಂ ಅಂತ ಬಡಿದುಕೊಳ್ಳತೊಡಗಿತು. ಗಂಟೆ ಐದೂವರೆ. ಅದು ಸಾಯುವುದರೊಳಗೆ ದೀಪ ಹಚ್ಚಬೇಕು ಅಂತ ಬಡಬಡ ಟೈಪ್ ಮಾಡುತ್ತಿದ್ದೆ. ಮಾಲೀಕರ ತಾಯಿ, ಎಂಬತ್ತರ ಅಜ್ಜಿ, ಯೂರಿಯಾ ಮೂಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು.

"ಕರೆಂಟೇ ಇಲ್ಲ, ಅಷ್ಟು ಅವಸರದಲ್ಲಿ ಏನ್ ಬರೀತಿದೀಯಪ್ಪಾ?"

"ದೀಪ ಹಚ್ಚು ಅಂತ ಬರೀತಿದೀನಿ ಅಜ್ಜಿ" ಅಂದು ಎಂಟರ್ ಒತ್ತಿದೆ.

ಅಂಗಡಿಯ ಟ್ಯೂಬ್‌ಲೈಟು, ಫ್ಯಾನು, ಎದುರಿನ ಬೇಕರಿಯ ಬೋರ್ಡು, ಇಡೀ ಬೀದಿ ಝಗ್ ಅಂತ ಹತ್ತಿಕೊಂಡಿತು. ಅಜ್ಜಿ ಮೂಟೆಯಿಂದ ಎದ್ದು ಕೈಮುಗಿದರು. "ಲೇ ಮಗಾ, ಮೊದ್ಲು ಇವರ ನಂಬರ್ ಬರ್ಕೊಳೋ!"

ಇದು ಕಾಕತಾಳೀಯ ಕಣಜ್ಜಿ ಅಂತ ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ. ಮರುದಿನದಿಂದ ಫೋನೋ ಫೋನು. "ಸಾಬ್ರೇ, ದೋಸೆಗೆ ಅರ್ಧ ರುಬ್ಬಿದೀನಿ, ಒಂದ್ಸಲ ಒತ್ತಿ ಕಣ್ರೀ" ಅಂತ ಒಬ್ಬರು. "ಮೇಲಿನ ಬೀದಿಗೆ ಒತ್ತಿದೀರಿ, ನಮ್ಮ ಬೀದಿ ಏನ್ ಪಾಪ ಮಾಡಿತ್ತು?" ಅಂತ ಇನ್ನೊಬ್ಬರು. ಮೊದಮೊದಲು ಬೈದೆ. ಆಮೇಲೆ, ಬೈಯುವುದಕ್ಕಿಂತ "ಒತ್ತಿದೀನಿ, ಕಾಯ್ರಿ" ಅನ್ನುವುದೇ ಸಲೀಸು ಅನ್ನಿಸಿತು. ಹೇಗೂ ಕರೆಂಟ್ ಯಾವಾಗಲಾದರೂ ಬಂದೇ ಬರುತ್ತಿತ್ತು.

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ದನಿ ತುಂಬ ವಿನಯದ್ದು. "ಸಾರ್, ನಾನು ಲೈನ್‌ಮನ್ನು. ಇನ್ನೊಂದು ಹತ್ತು ನಿಮಿಷ ದಯವಿಟ್ಟು ಏನೂ ಒತ್ತಬೇಡಿ. ಕಂಬದ ಮೇಲಿದೀನಿ."

ಯಾರ ಕಡೆಯವರು?

ತರೀಕೆರೆಯ ಒಂದು ಲಗ್ನಪತ್ರಿಕೆ ಪ್ರೆಸ್ಸು. ಅವತ್ತು ದೀಪ ಹಚ್ಚಿ ಆಗಿತ್ತು. ಅಮ್ಮೀ ಫೋನ್ ಮಾಡಿದಳು ಅಂತ ಆಚೆ ಹೋದೆ. ಆಟ ಮುಚ್ಚುವುದು ಮರೆತೆ.

ಅಲ್ಲಿ ಟೈಪ್ ಮಾಡುವ ಹೆಣ್ಣುಮಗಳು ಬಲು ಚುರುಕು. ಕಣ್ಣು ಕಾಗದದ ಮೇಲೆ, ಬೆರಳು ಕೀಲಿಯ ಮೇಲೆ, ಪರದೆ ಕಡೆ ನೋಡುವುದೇ ಇಲ್ಲ. ಬಂದು ಕೂತವಳೇ ಒಂದು ಮದುವೆಯ ಕರೆಯೋಲೆಯನ್ನು ಪೂರ್ತಿ ನನ್ನ ಕೋಟೆಯೊಳಗೆ ಟೈಪ್ ಮಾಡಿಬಿಟ್ಟಳು. ಆ ಆಟಕ್ಕೆ ಒಂದು ಗುಣವಿದೆ, ಅರ್ಥವಾಗದ್ದನ್ನೆಲ್ಲ ನಾವು ಕೂಗಿ ಹೇಳಿದ ಮಾತು ಅಂತ ಎಲ್ಲರಿಗೂ ಕೇಳಿಸುತ್ತದೆ. ಛತ್ರದ ಹೆಸರು, ಮುಹೂರ್ತ, 'ಸಕುಟುಂಬ ಪರಿವಾರ ಸಮೇತರಾಗಿ ಬಂದು ಹರಸಬೇಕು', ಎಲ್ಲ ಹೋಯಿತು.

ಅವಳು ಕೊನೆಗೆ ತಲೆಯೆತ್ತಿದಾಗ ಪರದೆಯ ಮೇಲೆ ಗರುಡ ಕೇಳಿದ್ದ, "ಖಂಡಿತ ಬತ್ತೀವಿ. ಊಟಕ್ಕೇನು ವಿಶೇಷ?"

ಅವಳು ಪಕ್ಕದಲ್ಲಿ ಕೂತಿದ್ದ ಹೆಣ್ಣಿನ ತಂದೆಯ ಕಡೆ ತಿರುಗಿ, "ಸಾರ್, ಕಂಪ್ಯೂಟರ್ ಊಟಕ್ಕೇನು ಅಂತ ಕೇಳ್ತಿದೆ" ಅಂದಳು. ಈಗಿನ ಕಂಪ್ಯೂಟರು ಏನು ಬೇಕಾದರೂ ಕೇಳುತ್ತದೆ ಅಂದುಕೊಂಡ ಅವರು ಎದೆಯುಬ್ಬಿಸಿ, "ಹೋಳಿಗೆ ಅಂತ ಹಾಕಮ್ಮ" ಅಂದರು. ಅವಳು ಹಾಕಿದಳು.

ಏನು ಗತಿಯೋ ಅಂತ ಮದುವೆಗೆ ನಾನೂ ಹೋದೆ. ಕೋಟೆಯ ಸಾಹೇಬ್ರು ಯಾರು ಅಂತ ಕೇಳಿಕೊಂಡು ಗರುಡ ಬಂದ. ಇನ್ನೂ ಐದು ಜನ ಆಟಗಾರರು ಬಂದರು. ಗರುಡ ಅಂದರೆ ಗಡ್ಡ ಮೀಸೆಯ ದಾಂಡಿಗ ಅಂದುಕೊಂಡಿದ್ದೆ. ನೋಡಿದರೆ ಬಕ್ಕತಲೆಯ, ಬಲು ಮರ್ಯಾದಸ್ಥ ಮನುಷ್ಯ, ಕಂಕುಳಲ್ಲಿ ಕುಕ್ಕರಿನ ಡಬ್ಬ. ಹೆಣ್ಣಿನ ಕಡೆಯವರು ಅವರನ್ನು ಗಂಡಿನ ಕಡೆಯವರು ಅಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಅಂದುಕೊಂಡರು. ಎದುರು ಕಡೆಯವರಿಗೆ ಏನೂ ಕಡಿಮೆಯಾಗಬಾರದು ಅಂತ ಎರಡೂ ಕಡೆಯವರು ಪೈಪೋಟಿಯಲ್ಲಿ ಬಡಿಸಿದರು. ಗರುಡನಿಗೆ ಒಂಬತ್ತು ಹೋಳಿಗೆ ಬಿತ್ತು. ಉಂಡು ಎದ್ದು ನನ್ನ ಕಿವಿಯಲ್ಲಿ, "ನಾಲ್ಕಕ್ಕೆ ನಿಮ್ಮ ಬಾಗಿಲಲ್ಲಿರಬೇಕು, ಬತ್ತೀನಿ" ಅಂದು ಹೊರಟ.

ಹೋಗುವವನನ್ನು ಫೋಟೋಗೆ ಅಂತ ಹಿಡಿದು ನಿಲ್ಲಿಸಿದರು. ಈಗಲೂ ಆ ಮನೆಯ ಗೋಡೆಯ ಮೇಲಿನ ಗ್ರೂಪ್ ಫೋಟೋದಲ್ಲಿ ಹೆಣ್ಣಿನ ತಂದೆಯ ಪಕ್ಕ, ಸೋದರಮಾವ ನಿಲ್ಲುವ ಜಾಗದಲ್ಲಿ, ಗರುಡನೇ ನಿಂತಿದ್ದಾನೆ.

ಎರಡು ಕಡೆ ನಾನು

ನಲವತ್ತೊಂದನೇ ದಿನ ಮಧ್ಯಾಹ್ನ ತರೀಕೆರೆಯ ಒಂದು ಕ್ಲಿನಿಕ್ಕಿನ ಕಂಪ್ಯೂಟರ್ ಸರಿಮಾಡಿ, ನೆಟ್ ನೋಡಲು ಆಟ ತೆರೆದು, ಹಾಗೇ ಬಿಟ್ಟು ಕಡೂರಿಗೆ ಬಂದುಬಿಟ್ಟೆ. ಸಂಜೆ ಐದೂಮುಕ್ಕಾಲಿಗೆ ಕಡೂರಿನ ಜೆರಾಕ್ಸ್ ಅಂಗಡಿಯಿಂದ ಒಳಗೆ ಹೋಗಲು ನೋಡಿದರೆ ಕೋಟೆಯ ಕಾವಲುಗಾರ ಬಿಡುತ್ತಿಲ್ಲ. 'ನೀವು ಈಗಾಗಲೇ ಒಳಗಿದ್ದೀರಿ. ಒಬ್ಬರು ಎರಡು ಸಲ ಬರುವಂತಿಲ್ಲ.' ನಾನೇ ಕಣೋ ನಾನು ಅಂತ ಎಷ್ಟು ಬರೆದರೂ ಅದೇ ಉತ್ತರ. ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಚೀಟಿ ಬರೆಯುವ ಹೆಂಗಸು ಎತ್ತಿದರು.

"ಅಮ್ಮಾ, ನಾನು ಕಂಪ್ಯೂಟರ್ ಸಾಬ್ರು. ಇನ್ನೂ ನಿಮ್ಮಲ್ಲೇ ಒಳಗಿದೀನಿ. ಸ್ವಲ್ಪ ನನ್ನ ಆಚೆ ಹಾಕಿ."

"ನೀವು ಆಗ್ಲೇ ಹೋದ್ರಲ್ಲ ಸಾಬ್ರೇ? ನಾನೇ ನೋಡಿದೆ."

"ಹೋದೆ. ಆದ್ರೆ ಒಳಗೇ ಇದೀನಿ. ಇಲ್ಲಿ ಬಾಗಿಲಲ್ಲೂ ನಿಂತಿದೀನಿ. ಈಟಿ ಹಿಡ್ಕೊಂಡವನು ಬಿಡ್ತಿಲ್ಲ."

ಆ ಕಡೆ ಅವರು 'ಡಾಕ್ಟ್ರೇ' ಅಂತ ಕೂಗಿದ್ದು ಕೇಳಿಸಿತು. ಆಮೇಲೆ, "ಒಂದ್ನಿಮಿಷ ಇರಿ, ಡಾಕ್ಟರಿಗೆ ಕೊಡ್ತೀನಿ."

ಡಾಕ್ಟರು ಬಹಳ ಮೆತ್ತಗೆ ಮಾತಾಡಿದರು. "ಹೇಳಿ, ಈಗ ಎಲ್ಲೆಲ್ಲಿದೀರಿ?"

"ಕಡೂರಲ್ಲೂ ಇದೀನಿ, ನಿಮ್ಮಲ್ಲೂ ಇದೀನಿ ಸಾರ್."

"ಎಷ್ಟು ದಿನದಿಂದ ಇದು?"

"ಇವತ್ತಿಗೆ ನಲವತ್ತೊಂದು ದಿನ. ಸಾರ್, ಮೊದ್ಲು ಆ ಕಂಪ್ಯೂಟರ್ ಸ್ವಿಚ್ ಆರಿಸಿ, ನಿಮ್ಮ ದಮ್ಮಯ್ಯ!"

"ಆಯ್ತು, ಆಯ್ತು, ಆರಿಸ್ತೀವಿ. ನೀವು ಕೂತ್ಕೊಳ್ಳಿ, ನೀರು ಕುಡೀರಿ" ಅಂತ ನನ್ನ ಸಮಾಧಾನಕ್ಕೆ ಆರಿಸಿದರು. ಕಾವಲುಗಾರ ತಕ್ಷಣ ದಾರಿ ಬಿಟ್ಟ. ಐದು ಐವತ್ತಾರಕ್ಕೆ ದೀಪ ಹಚ್ಚಿದೆ.

ಹತ್ತು ನಿಮಿಷ ಬಿಟ್ಟು ಡಾಕ್ಟರೇ ಫೋನ್ ಮಾಡಿದರು. "ಈಗ ಹೇಗಿದೆ?" ಈಗ ಒಂದೇ ಕಡೆ ಇದೀನಿ, ನೀವು ಆರಿಸಿದ್ದೇ ತಡ ಸರಿಹೋಯ್ತು ಅಂದೆ. ಡಾಕ್ಟರಿಗೆ ಖುಷಿಯೋ ಖುಷಿ. "ಹಾಗಾದ್ರೆ ಊಟಕ್ಕೆ ಮುಂಚೆ ದಿನಾ ಒಂದ್ಸಲ ಆರಿಸ್ತೀವಿ ಬಿಡಿ" ಅಂದರು.

ಚಕ್ಕುಬಂದಿ

ನಲವತ್ತೆಂಟನೇ ದಿನ. ಕಡೂರಿನಲ್ಲಿ ಜಮೀನಿನ ಕ್ರಯಪತ್ರ ಬರೆದುಕೊಡುವ ಒಬ್ಬ ಪತ್ರಬರಹಗಾರರ ಅಂಗಡಿಯಲ್ಲಿ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದೆ. ಬರಹಗಾರರು ಕಾಫಿಗೆ ಹೋಗಿದ್ದರು. ಬೆಂಚಿನ ಮೇಲೆ ಇಬ್ಬರು ಅವರಿಗಾಗಿ ಕಾಯುತ್ತಿದ್ದರು. ಜಮೀನು ಮಾರುವವರು ದೇವನೂರು ಕಡೆಯ ಗೌಡರು. ಕೊಳ್ಳುವವರು ಚೌಳಹಿರಿಯೂರಿನ ಯಜಮಾನರು, ಹಣೆ ತುಂಬ ವಿಭೂತಿ.

ಪ್ರಿಂಟರ್ ಸರಿಹೋಯಿತು. ಆಟ ತೆರೆದೆ. ಕೊನೆಯ ದಿನವಲ್ಲವೇ, ದೀಪ ಹಚ್ಚುವ ಮುಂಚೆ ನನ್ನ ಕೋಟೆಯನ್ನು ಒಂದ್ಸಲ ಕಣ್ತುಂಬ ನೋಡೋಣ ಅಂತ 'ಸುತ್ತ ನೋಡು' ಅಂದೆ. ಬಂದದ್ದನ್ನೇ ಪ್ರಿಂಟರ್ ಪರೀಕ್ಷೆಗೆ ಅಂತ ಒಂದು ಹಾಳೆ ತೆಗೆದೆ. ಅಲ್ಲೇ ಕೆಟ್ಟಿದ್ದು. ಆ ಹಾಳೆಯಲ್ಲಿ ಹೀಗಿತ್ತು:

ಪೂರ್ವಕ್ಕೆ: ಬ್ರಹ್ಮರಾಕ್ಷಸನಿರುವ ಹಾಳುಬಾವಿ.
ಪಶ್ಚಿಮಕ್ಕೆ: ನಿಧಿ ಹೂತಿಟ್ಟ ನೆಲಮಾಳಿಗೆ.
ಉತ್ತರಕ್ಕೆ: ಮೊಸಳೆಗಳಿರುವ ಕಂದಕ.
ದಕ್ಷಿಣಕ್ಕೆ: ಹೆಬ್ಬಾಗಿಲು. ಅಲ್ಲಿ ಗರುಡ ಕಾಯುತ್ತಿದ್ದಾನೆ.

ಜಮೀನಿನ ಪತ್ರದಲ್ಲಿ ಚಕ್ಕುಬಂದಿ ಅಂತ ಇರುತ್ತದೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಅಂತ ನಾಲ್ಕು ದಿಕ್ಕಿನ ಗಡಿ ಬರೆಯುವುದು. ನಮ್ಮ ಕಡೆಯ ಜನ ಪತ್ರದಲ್ಲಿ ಬೇರೇನೂ ಓದದಿದ್ದರೂ ಅದನ್ನು ಮಾತ್ರ ಬೆರಳಿಟ್ಟು ಓದುತ್ತಾರೆ. ಯಜಮಾನರು ತಮ್ಮದೇ ಪತ್ರ ಬಂತು ಅಂತ ಹಾಳೆ ಎತ್ತಿಕೊಂಡರು.

"ಏನ್ ಗೌಡ್ರೇ, ಪೂರ್ವಕ್ಕೆ ಬ್ರಹ್ಮರಾಕ್ಷಸ ಅಂತ ಬರ್ದೈತೆ! ಹೊಲ ತೋರಿಸ್ದಾಗ ಒಂದ್ ಮಾತು ಹೇಳ್ಲಿಲ್ವಲ್ಲ?"

"ನಮ್ಮಪ್ಪನ ಕಾಲದಿಂದ ಅಲ್ಲಿ ಒಂದು ಬೇವಿನ ಮರ ಬಿಟ್ರೆ ಏನೂ ಇಲ್ಲ ಕಣ್ರೀ" ಅಂತ ಗೌಡರು ಹಾಳೆ ಕಿತ್ತುಕೊಂಡರು. ಅವರ ಬೆರಳು ಪಶ್ಚಿಮಕ್ಕೆ ಬಂದು ನಿಂತಿತು. ಮುಖದ ಬಣ್ಣವೇ ಬದಲಾಯಿತು. "ನಾನು ಮಾರೋದಿಲ್ಲ" ಅಂದರು. ಯಜಮಾನರೂ ಬಗ್ಗಿ ಆ ಸಾಲು ಓದಿಕೊಂಡರು.

"ಮಾರೋದಿಲ್ವಾ? ಮಾತಾಡಿ ಆಗೈತೆ! ಬ್ರಹ್ಮರಾಕ್ಷಸ ಇದ್ರೂ ಇರ್ಲಿ, ನಾನ್ ತಗಂತೀನಿ."

"ಮೊಸಳೆ ಐತೆ ಕಣ್ರೀ, ನಿಮ್ಗ್ಯಾಕೆ ಪಾಪ."

"ಮೊಸಳೆ ಸಮೇತ ಬರ್ಕೊಡಿ!"

ಗಂಟೆ ಐದು ಐವತ್ತು. ಜಗಳ ಬಿಡಿಸೋಣ ಅಂತ ನಾನು ಬಾಯಿ ಹಾಕಿದೆ. "ಸ್ವಾಮೀ, ಅದು ನಿಮ್ಮ ಹೊಲದ್ದಲ್ಲ. ಒಂದು ಆಟ. ಆ ಕೋಟೆ ನಂದು" ಅಂದೆ. ಅಂದು ಕೆಟ್ಟೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ನಿಂದಾ?"

ಕೀಲಿಮಣೆಗೆ ಕೈಹಾಕಿದರೆ ಗೌಡರು ಮಣಿಕಟ್ಟು ಹಿಡಿದುಕೊಂಡರು. "ಪತ್ರದೋರು ಬರೋಗಂಟ ಯಾರೂ ಏನೂ ಮುಟ್ಟಂಗಿಲ್ಲ." ಪರದೆಯ ಮೇಲೆ ಗರುಡ ಬರೆದ, "ಇನ್ನು ಆರೇ ನಿಮಿಷ ಸಾಹೇಬ್ರೇ." ಯಜಮಾನರು ಅದನ್ನೂ ಓದಿ, "ಇವನ್ಯಾರು? ಇವನೂ ಭಾಗಸ್ಥನಾ?" ಅಂದರು.

ನನಗೆ ನಿಜವಾಗಲೂ ಅಳು ಬಂತು. ನಲವತ್ತೇಳು ದಿನ ಕಂಡಕಂಡವರ ಬಾಗಿಲು ಕಾದು ಹಚ್ಚಿದ ದೀಪ! "ಯಜಮಾನ್ರೇ, ಆರು ಗಂಟೆಯೊಳಗೆ ನಾನು ದೀಪ ಹಚ್ಚದಿದ್ರೆ ಎಲ್ಲಾ ಆ ಗರುಡನ ಪಾಲು. ಅವನು ಈ ಜಿಲ್ಲೆಯವನೇ ಅಲ್ಲ!" ಅಂದೆ.

ಗೌಡರ ಕೈ ತಟ್ಟನೆ ಸಡಿಲವಾಯಿತು. "ಎಲ್ಲಿಯೋನೋ ಬಂದು ಹೊಡ್ಕೊಂಡು ಹೋಗೋದಾ? ಹಚ್ಚಿ ಸಾಬ್ರೇ, ಬೇಗ ಹಚ್ಚಿ!" ಯಜಮಾನರು ನನ್ನ ಬೆನ್ನು ತಟ್ಟಿ, "ಹಚ್ರೀ, ಹಚ್ರೀ" ಅಂತ ಕೂಗತೊಡಗಿದರು. 'ದೀಪ ಹಚ್ಚು' ಅಂತ ಬರೆದು ಎಂಟರ್ ಒತ್ತಿದೆ.

'ಮಂಡಲ ಪೂರ್ತಿಯಾಯಿತು. ಇಂದಿನಿಂದ ಈ ಕೋಟೆ, ಬಾವಿ, ಕಂದಕ, ನಿಧಿ ಎಲ್ಲಕ್ಕೂ ನೀವೇ ಪಾಳೇಗಾರರು.'

ಕುರ್ಚಿಯಿಂದ ಎಗರಿ ಕುಣಿದುಬಿಟ್ಟೆ. ಕುಣಿದು ತಿರುಗಿದರೆ ಹಿಂದೆ ಇಬ್ಬರೂ ಕಲ್ಲಾಗಿ ನಿಂತಿದ್ದಾರೆ. ಯಜಮಾನರು ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಗೌಡರು ಹಣೆ ಚಚ್ಚಿಕೊಂಡರು. "ನೋಡುದ್ರಾ! ನಮ್ಮ ಕೈಲೇ ಹಚ್ಚಿ ಹಚ್ಚಿ ಅನ್ನಿಸಿ, ನಮ್ಮ ಕಣ್ಣೆದುರಿಗೇ ತನ್ನ ಹೆಸ್ರಿಗೆ ಖಾತೆ ಮಾಡಿಸ್ಕೊಂಡ್ಬಿಟ್ಟ!"

ಅಷ್ಟರಲ್ಲಿ ಪತ್ರಬರಹಗಾರರು ಕಾಫಿ ಮುಗಿಸಿ ಬಂದರು. ಐದು ನಿಮಿಷದ ಹಿಂದೆ ಕಚ್ಚಾಡುತ್ತಿದ್ದವರು ಒಂದೇ ದನಿಯಲ್ಲಿ, "ಈ ಸಾಬ್ರ ಮೇಲೆ ತಕರಾರು ಅರ್ಜಿ ಬರೀರಿ" ಅಂದರು. ನಾನು ಏನೋ ಹೇಳಹೋದರೆ ಬರಹಗಾರರು ಕೈಯೆತ್ತಿ ತಡೆದರು. "ಪಾರ್ಟಿ ಹೇಳಿದ್ದು ಬರೆಯೋದು ನನ್ನ ಕೆಲಸ. ನಿಜವೋ ಸುಳ್ಳೋ ನೋಡೋಕೆ ಬೇರೆಯವರಿದಾರೆ." ಕೂತು ಬಾವಿ, ಮೊಸಳೆ ಒಂದೂ ಬಿಡದೆ ಬರೆದರು. ಪ್ರಿಂಟ್ ಕೊಟ್ಟರು. ಪ್ರಿಂಟರು ಕರ್ರ್ ಅಂದು ಹಾಳೆ ಕಚ್ಚಿಕೊಂಡು ನಿಂತಿತು. ಮೂರೂ ಜನ ನನ್ನ ಮುಖ ನೋಡಿದರು.

"ಒಂಚೂರು ನೋಡಿ ಸಾಬ್ರೇ" ಅಂದರು ಯಜಮಾನರು.

ಏನು ಮಾಡಲಿ, ನನ್ನ ಕೆಲಸವೇ ಅದು. ಮುಚ್ಚಳ ತೆಗೆದು, ಹಾಳೆ ಎಳೆದು, ಮತ್ತೆ ಕೊಟ್ಟೆ. ನನ್ನ ಮೇಲಿನ ಅರ್ಜಿ ಬಿಸಿಬಿಸಿಯಾಗಿ ನನ್ನ ಕೈಗೇ ಬಂತು. ಇಬ್ಬರೂ ರುಜು ಹಾಕಿದರು. ಬರಹಗಾರರು ಕನ್ನಡಕ ಏರಿಸಿ, "ಸಾಕ್ಷಿ ಒಬ್ಬರು ಬೇಕಲ್ಲ. ಇದೆಲ್ಲ ಕಣ್ಣಾರೆ ನೋಡಿದವರು ಇನ್ಯಾರಿದಾರೆ?" ಅಂದರು. ಗೌಡರು ಅಂಗಡಿ ತುಂಬ ಕಣ್ಣಾಡಿಸಿ, ಕೊನೆಗೆ ಪೆನ್ನು ನನ್ನ ಕಡೆಗೇ ಚಾಚಿದರು.

ಹಾಕಿದೆ. ಹಾಕಿ, ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ 'ಪಾಳೇಗಾರರು' ಅಂತಲೂ ಬರೆದೆ.