ಒಂದೇ ಉಸಿರಿನ ಬೈಗಳ

ಗಂಡನನ್ನು ಬೈಯಲು ಧೈರ್ಯ ಬೇಕೆಂದು ಹಲವರು ತಿಳಿದಿದ್ದಾರೆ. ಅದು ಮದುವೆಯಾದ ಹೊಸದರಲ್ಲಿ ಮಾತ್ರ. ಆಮೇಲೆ ಬೇಕಾಗುವುದು ಬರೀ ಉಸಿರು. ಕೊಟ್ಟೂರಿನಲ್ಲಿ ನಮ್ಮದೊಂದು ಪುಟ್ಟ ಖಾನಾವಳಿ ಇದೆ. ಒಳಗೆ ರೊಟ್ಟಿ ಬಡಿಯುತ್ತಲೇ ನಾನು ಗಲ್ಲಾದ ಮುಂದೆ ಕೂತ ಯಜಮಾನರನ್ನು ಬೈಯತೊಡಗಿದರೆ, ಹಿಟ್ಟು ತರಲು ಮರೆತದ್ದರಿಂದ ಹಿಡಿದು ನಮ್ಮ ಮದುವೆಯಲ್ಲಿ ಅವರ ಕಡೆಯವರು ಮಾಡಿದ ರಗಳೆಯವರೆಗೆ ಒಂದೇ ಉಸಿರಿನಲ್ಲಿ ಹೋಗಿ ಮುಟ್ಟುತ್ತಿದ್ದೆ. ಗಿರಾಕಿಗಳು ಅದನ್ನು ಕೇಳುತ್ತ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದರು.

ಕೊರೊನಾ ಬಂದು ನನ್ನ ಎರಡೂ ಶ್ವಾಸಕೋಶಗಳನ್ನು ಸುಟ್ಟ ಬದನೆಕಾಯಿ ಮಾಡಿಟ್ಟಿತು. ಯಾರೋ ಪುಣ್ಯಾತ್ಮರ ಮನೆಯವರು ತಮ್ಮ ದುಃಖದ ನಡುವೆಯೂ ದಾನ ಕೊಟ್ಟಿದ್ದರಿಂದ ನನಗೆ ಬೇರೆಯವು ಸಿಕ್ಕವು. ಆಪರೇಷನ್ ಮುಗಿದು ಬದುಕಿದೆನೆಂದು ಹಿಗ್ಗಿದರೆ, ಕೈಕಾಲು ನನ್ನ ಮಾತೇ ಕೇಳಲೊಲ್ಲವು. ಏಳುವುದು, ಕೂರುವುದು, ನಿಲ್ಲುವುದು ಎಲ್ಲವನ್ನೂ ಆಸ್ಪತ್ರೆಯಲ್ಲೇ ಇದ್ದು ಹೊಸದಾಗಿ ಕಲಿಯಬೇಕಾಯಿತು. ಕಲಿಸಲು ಬಂದ ಫಿಸಿಯೋಥೆರಪಿಸ್ಟ್ ರಮ್ಯಾ ಮೈಸೂರಿನ ಕಡೆಯವಳು. "ನಿಮ್ಮ ಗುರಿ ಏನಮ್ಮಾ?" ಎಂದು ಮೆತ್ತಗೆ ಕೇಳಿದಳು. ಬೇರೆಯವರು ಮೆಟ್ಟಿಲು ಹತ್ತಬೇಕು, ಮೊಮ್ಮಗುವನ್ನು ಎತ್ತಬೇಕು ಎಂದೆಲ್ಲ ಹೇಳುತ್ತಾರಂತೆ. ನಾನು, "ನಮ್ಮ ಮನಿಯವರ್ನ... ಒಂದ್ಸಲ... ನಡುವ ನಿಲ್ಲದಂಗ... ಬೈಬೇಕವ್ವಾ," ಅಂದೆ. ಅವಳು ನಕ್ಕಳು. ನಾನು ನಗಲಿಲ್ಲ, ನಗಲೂ ಉಸಿರು ಬೇಕಲ್ಲ!

ಆಸರೆ ಹಿಡಿಯದೆ, ಆಕ್ಸಿಜನ್ ಇಲ್ಲದೆ ವಾರ್ಡಿನ ವರಾಂಡ ದಾಟಿದರೆ ಮನೆಗೆ ಕಳಿಸುವ ಮಾತು. ನಾನೋ, ಅರ್ಧಕ್ಕೇ ಎದೆ ಡವಗುಟ್ಟಿ ಗೋಡೆಗೆ ಆನುತ್ತಿದ್ದೆ. ಇದರ ಮೇಲೊಂದು ಸಂಕಟ: ಒಂದು ಮಾತಾಡಿ ನಾನು ಉಸಿರು ಎಳೆದುಕೊಳ್ಳುವಷ್ಟರಲ್ಲಿ, ಇಷ್ಟು ವರ್ಷ ತುಟಿ ಬಿಚ್ಚದ ಯಜಮಾನರು ಎದುರುತ್ತರ ಕೊಡಲು ಕಲಿತುಬಿಟ್ಟಿದ್ದರು. ಒಂದು ದಿನ ಗೋಡೆ ಹಿಡಿದು ಅತ್ತೇಬಿಟ್ಟೆ. ಇನ್ನು ಕೊಟ್ಟೂರು ಕಾಣುವುದಿಲ್ಲವೆಂದು ನಿಜಕ್ಕೂ ಹೆದರಿದ್ದೆ.

ನಮ್ಮ ಕಡೆ ರೋಗಿಯನ್ನು ನೋಡಲು ಬರಿಗೈಲಿ ಹೋಗುವ ಪದ್ಧತಿಯಿಲ್ಲ. ನನ್ನಂಥವರ ಹತ್ತಿರ ಹಸಿ ಹೂವು ಸುಳಿಯಕೂಡದು, ಸೋಂಕು ತಗಲೀತು ಎಂದು ಡಾಕ್ಟರು ಗಿಣಿಗೆ ಹೇಳಿದಂತೆ ಹೇಳಿದ್ದರು. ಆದರೂ ಅಂದು ವರಾಂಡದ ಆ ತುದಿಯಲ್ಲಿ ಯಜಮಾನರು ಮಾಸ್ಕು ಹಾಕಿಕೊಂಡು, ಕೈಯಲ್ಲಿ ಬಾಳೆಎಲೆಯ ಪೊಟ್ಟಣ ಹಿಡಿದು ಪ್ರತ್ಯಕ್ಷರಾದರು. ಹಡಗಲಿಯ ನಾದಿನಿ ಕಳಿಸಿದ ಮಲ್ಲಿಗೆ! ನರ್ಸು ಅದನ್ನು ಕಸಿದುಕೊಂಡು ಆಚೆ ಓಡಿದಳು. ಈ ತುದಿಯಲ್ಲಿ ರಮ್ಯಾಳ ಜೊತೆ ವಾಕರ್ ಹಿಡಿದು ನಿಂತಿದ್ದ ನನಗೆ ಸಿಟ್ಟು ನೆತ್ತಿಗೇರಿತು.

"ಏನ್ರಿ, ನಿಮಗ ತಲಿ ಐತೋ ಇಲ್ಲೋ, ಡಾಕ್ಟರು ಹೂವು ಬ್ಯಾಡ ಅಂದ್ರು, ನಾನೂ ಬ್ಯಾಡ ಅಂದೆ, ತಂಗಿ ಕೊಟ್ಲು ಅಂತ ಹೊತ್ಕಂಡು ಬಂದೀರಲ್ಲ, ಆಕಿ ಬಾವಿ ಬೀಳು ಅಂದ್ರ ಬೀಳ್ತೀರೇನು, ನಾನು ಸಾಯದು ಹೂವಿನ ವಾಸನಿಯಾಗ ಆಗ್ಲಿ ಅಂತೇನು..."

ಬೈಗಳ ಮುಗಿದಾಗ ನಾನು ಅವರ ಎದುರಿಗೇ ನಿಂತಿದ್ದೆ. ವಾಕರ್ ನಾನು ಹೊರಟ ತುದಿಯಲ್ಲೇ ಉಳಿದಿತ್ತು. ಹಿಂದೆಯೇ ಓಡಿಬಂದ ರಮ್ಯಾ ನನ್ನ ಬೆರಳಿಗೆ ಸಿಕ್ಕಿಸಿದ ಯಂತ್ರ ನೋಡಿ, "ಅಮ್ಮಾ, ಪೂರ್ತಿ ನಡೆದುಬಿಟ್ರಿ! ಆಕ್ಸಿಜನ್ ಚೆನ್ನಾಗೇ ಇದೆ!" ಎಂದು ಕೂಗಿದಳು. ನರ್ಸುಗಳೆಲ್ಲ ಚಪ್ಪಾಳೆ ತಟ್ಟಿದರು. ದಂಡು ಗೆದ್ದವಳಂತೆ ಸೊಂಟಕ್ಕೆ ಕೈಯಿಟ್ಟು ನಿಂತೆ. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಯಜಮಾನರ ಮಾಸ್ಕು ಕಣ್ಣೀರಿಗೆ ಒದ್ದೆಯಾಗಿತ್ತು.

ಆಮೇಲೆ ಯಾಕೋ ನಾಚಿಕೆಯಾಯಿತು. ಎದೆಯ ಮೇಲೆ ಕೈಯಿಟ್ಟು, ಕಾಣದ ಆ ಪುಣ್ಯಾತ್ಮರಿಗೆ ಹೇಳಿದೆ: "ತಪ್ಪು ತಿಳೀಬ್ಯಾಡ್ರಿ. ನೀವು ಕೊಟ್ಟ ಉಸುರಿನಾಗ ಮೊದಲನೇ ಉದ್ದನ ಮಾತ ಬೈಗಳ ಆತು."

ಯಜಮಾನರು ಮೂಗು ಒರೆಸಿಕೊಳ್ಳುತ್ತ, ನನ್ನೆದೆಯೊಳಗಿನ ಹೊಸ ಶ್ವಾಸಕೋಶಗಳ ಕಡೆ ಕೈ ತೋರಿಸಿ ಅಂದರು: "ಇರ್ಲಿ ಬಿಡು. ಎಂಥಾ ಮನಿಗೆ ಬಂದೀವಿ ಅಂತ ಅವಕ್ಕೂ ಗೊತ್ತಾಗ್ಲಿ."

ತಿರುಗಿ ಬೈಯಲು ಬಾಯಿ ತೆರೆದೆ. ಉಸಿರು ಬೇಕಾದಷ್ಟಿತ್ತು, ಅಷ್ಟೂ ನಗುವುದಕ್ಕೇ ಖರ್ಚಾಯಿತು.