ಬೀಗರಿಗೆ ಬಡಿಸಿದ ಸೊಪ್ಪು

ಸೊಪ್ಪು ನಂಬಿಕೆಗೆ ಅರ್ಹವಾದ ಪದಾರ್ಥವಲ್ಲ. ಆಲೂಗಡ್ಡೆಯನ್ನು ನೋಡಿ, ಹಸಿಯಾಗಿದ್ದಾಗ ಎಷ್ಟು ದಪ್ಪವೋ ಬೆಂದ ಮೇಲೂ ಅಷ್ಟೇ ದಪ್ಪ, ಮಾನವಂತ ಗೆಡ್ಡೆ. ಸೊಪ್ಪು ಹಾಗಲ್ಲ. ಬುಟ್ಟಿಯಲ್ಲಿದ್ದಾಗ ಊರಿಗೆಲ್ಲ ಊಟ ಹಾಕುತ್ತೇನೆಂಬ ಜಂಬ, ಪಾತ್ರೆಗೆ ಬಿದ್ದ ಮೇಲೆ ದೀಪ ಹಿಡಿದು ಹುಡುಕಬೇಕು. ಈ ವಿಷಯ ಒಲೆ ಹಚ್ಚುವವರಿಗೆಲ್ಲ ಗೊತ್ತಂತೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ಕೂದಲು ನೆರೆಸಿಕೊಂಡ ನನಗೆ ಮಾತ್ರ ಯಾರೂ ಹೇಳಿರಲಿಲ್ಲ. (ಹೇಳಿದ್ದೆ ಎಂದು ನನ್ನಾಕೆಯ ವಾದ. ಇರಲಿ, ಅವಳ ವಾದ ಯಾವತ್ತು ನಿಂತಿದೆ?)

ನನ್ನ ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಹುಡುಗ ಒಳ್ಳೆಯವನು, ಅವನ ತಾಯಿಗೆ ಒಪ್ಪಿಗೆ, ನಮಗೂ ಒಪ್ಪಿಗೆ. ಅಡ್ಡಗಾಲು ಹಾಕಿ ಕೂತವರು ಅವನ ತಂದೆ. ಅವರು ಸೊಪ್ಪಿನ ಸಾಹುಕಾರರು. ದಿನಾ ಬೆಳಿಗ್ಗೆ ಲಾರಿಗಟ್ಟಲೆ ಸೊಪ್ಪು ತರಿಸಿ ಪೇಟೆಗೆಲ್ಲ ಹಂಚುವವರು. ಅವರ ತಕರಾರು ನನ್ನ ಮಗಳ ಮೇಲಲ್ಲ, ನನ್ನ ಮೇಲೆ.

"ಹುಡುಗಿ ಬಂಗಾರ. ಆದ್ರೆ ಅವರಪ್ಪ ಕೂತ್ರೂ ನಿಂತ್ರೂ ತೂಕ ಹಾಕೋ ಮನುಷ್ಯ. ಅಂಥವರ ಎದುರು ಕೂತು ನೆಮ್ಮದಿಯಾಗಿ ಒಂದು ತುತ್ತು ಇಳಿಯುತ್ತಾ?" ಎಂದಿದ್ದರಂತೆ.

ಇದನ್ನು ಕೇಳಿ ನಾನು ಮೀಸೆ ಸವರಿಕೊಂಡೆ. ಮಗಳು ಕಣ್ಣು ಒರೆಸಿಕೊಂಡಳು. ಕೊನೆಗೆ ಅವಳೇ ದಾರಿ ಹುಡುಕಿದಳು. ನಮ್ಮಪ್ಪ ಹಿತ್ತಿಲಲ್ಲಿ ಸೊಪ್ಪು ಬೆಳೆಯುತ್ತಾರೆ, ಬೆಳ್ಳುಳ್ಳಿ ಹಾಕಿ ಬಾಡಿಸಿದರೆ ತಟ್ಟೆ ನೆಕ್ಕಬೇಕು ಎಂದು ಹುಡುಗನ ಕೈಲಿ ಹೇಳಿಸಿದಳು. ಸಾಹುಕಾರರು ಕರಗಿದರು. ಊರಿಗೆಲ್ಲ ಸೊಪ್ಪು ಮಾರುವ ಅವರು, ಮನೆಯ ಹಿತ್ತಿಲಲ್ಲಿ ಬೆಳೆದದ್ದನ್ನು ತಿಂದು ಯಾವ ಕಾಲವಾಯಿತೋ. "ಭಾನುವಾರ ಮಧ್ಯಾಹ್ನ ಬರ್ತೀವಿ. ಊಟ ಮಾಡಿ, ಕೈ ತೊಳೆಯೋಕೆ ಮುಂಚೆ ಹೂಂ ಅಥವಾ ಉಹೂಂ ಹೇಳ್ತೀನಿ" ಎಂದು ಹೇಳಿಕಳಿಸಿದರು.

ನನ್ನ ತೋಟದ ಬಗ್ಗೆ ಎರಡು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬಿಸಿಲಿನ ಕಾವು ಇಳಿದು, ಬೀದಿಯ ಮರಗಳು ಎಲೆ ಉದುರಿಸಲು ಶುರುಮಾಡಿದ ಹೊತ್ತಿನಲ್ಲಿ ನಾನು ಕೃಷಿ ಕಾರ್ಯಕ್ಕೆ ಟೊಂಕ ಕಟ್ಟಿದ್ದೆ. ಪಾಲಕ್, ಮೆಂತ್ಯ, ಸಾಸಿವೆ ಸೊಪ್ಪು. ಉದುರಿದ ಎಲೆಗಳನ್ನು ನಮ್ಮ ಬಾಗಿಲಿಂದಲ್ಲದೆ ನೆರೆಯವರ ಬಾಗಿಲಿಂದಲೂ ಗುಡಿಸಿ ತಂದು ಗೊಬ್ಬರಕ್ಕೆ ಹಾಕಿದೆ. (ನೆರೆಯಾಕೆ ಮೊದಲು ಸಂತೋಷಪಟ್ಟಳು. ಎಲೆಯ ಜೊತೆ ಅವಳ ಕಾಲೊರಸು ಬಟ್ಟೆಯೂ ಹೋದ ಮೇಲೆ ಮಾತು ಬಿಟ್ಟಳು.) ಚಳಿ ಬಿದ್ದಂತೆಲ್ಲ ಸೊಪ್ಪು ನಿಧಾನವಾಗಿ ಬೆಳೆಯುತ್ತದೆ, ಆದರೆ ಸಿಹಿ ಏರುತ್ತದೆ. ಆ ಸಿಹಿ ನನಗಿಂತ ಮೊದಲು ಬಸವನಹುಳುಗಳಿಗೆ ಗೊತ್ತಾಗಿತ್ತು. ಅವುಗಳನ್ನು ಒಂದೊಂದಾಗಿ ಆರಿಸಿ, ಉಳಿದದ್ದನ್ನು ನಾನು ಮಕ್ಕಳಂತೆ ಸಾಕಿದ್ದೆ.

ಭಾನುವಾರ ಬೆಳಿಗ್ಗೆ ಮಗಳು ನನ್ನನ್ನು ಮೂಲೆಗೆ ಕರೆದಳು.

"ಅಪ್ಪಾ, ಇವತ್ತು ನಿನ್ನ ಬಾಯಿಂದ ತೂಕ, ತಕ್ಕಡಿ, ಗ್ರಾಮು, ಒಂದೂ ಬರಕೂಡದು. ಬಂತೋ, ನನ್ನ ಮದುವೆ ಮುಗೀತು ಅಂತಲೇ ತಿಳ್ಕೋ."

"ಬರಲ್ಲ ಕಣಮ್ಮ. ನಾನೇನು ಚಿಕ್ಕ ಮಗುವಾ?"

"ಚಿಕ್ಕ ಮಗುವಾಗಿದ್ರೆ ಹೆದರ್ತಾನೇ ಇರ್ಲಿಲ್ಲ."

ನಾನು ಕತ್ತರಿ ಹಿಡಿದು ಹಿತ್ತಿಲಿಗಿಳಿದೆ. ಒಂದೊಂದೇ ಎಲೆಯನ್ನು ಚಿವುಟಿ, ಕತ್ತರಿಸಿ, ತೋಟವನ್ನು ಬೋಳಿಸಿ ತಂದು ಅಡುಗೆಮನೆಯಲ್ಲಿ ಸುರಿದೆ. ರಾಶಿ ನನ್ನ ಮೊಣಕಾಲು ಮುಟ್ಟಿತು. ತೂಕ ಹಾಕಿದೆ (ಹಾಕುವುದಕ್ಕೇನು, ಆಡಬಾರದು ಎಂದಷ್ಟೇ ಮಗಳು ಹೇಳಿದ್ದು). ತಲೆಗೆ ಇಷ್ಟೆಂದು ಲೆಕ್ಕ ಹಾಕಿದರೆ ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ನನ್ನಾಕೆ ಆಲೂಗಡ್ಡೆ ಸುಲಿಯುತ್ತಿದ್ದಳು.

"ಅದೆಲ್ಲ ಎತ್ತಿಡು. ಅನ್ನ, ಬೇಳೆ, ಸೊಪ್ಪು. ಸೊಪ್ಪೇ ರಾಜ. ಪಕ್ಕದಲ್ಲಿ ಆಲೂಗಡ್ಡೆ ಇಟ್ಟು ಅವಮಾನ ಮಾಡ್ಬೇಡ."

"ರೀ, ಅದು ಬೆಂದ್ರೆ ಒಂದು ಹಿಡಿ ಆಗುತ್ತೆ."

"ಮುಚ್ಚಳ ಹಾಕಿ ಬೇಯಿಸಿದ್ರೆ ಎಲ್ಲಿಗೆ ಹೋಗುತ್ತೆ? ಹಾಕಿದ್ದು ಅಷ್ಟೇ ಇರ್ಬೇಕಲ್ವಾ? ಇದು ನನ್ನ ವೃತ್ತಿ ಕಣೆ."

ಅವಳು ಚಾಕುವನ್ನು ಕೆಳಗಿಟ್ಟಳು. ಅದನ್ನು ಇಟ್ಟ ಸದ್ದಿನಲ್ಲೇ ನನಗೆ ಬುದ್ಧಿ ಬರಬೇಕಾಗಿತ್ತು.

"ಹಾಗಾದ್ರೆ ನಿಮ್ಮ ರಾಜನ್ನ ನೀವೇ ಬೇಯಿಸ್ಕೊಳ್ಳಿ" ಎಂದು ಹೇಳಿ ತಲೆ ಬಾಚಲು ಹೋದಳು.

ಬೇಯಿಸಿದೆ. ಮುಚ್ಚಳವನ್ನು ಒತ್ತಿ ಹಿಡಿದೇ ನಿಂತೆ. ಸ್ವಲ್ಪ ಹೊತ್ತಿಗೆ ಕೈಕೆಳಗೆ ಏನೋ ಕುಸಿದಂತಾಯಿತು. ತೆರೆದು ನೋಡಿದರೆ ಪಾತ್ರೆಯ ತಳದಲ್ಲಿ, ಹಸಿರು ನೀರಿನ ನಡುವೆ, ಒದ್ದೆ ಕರವಸ್ತ್ರದಷ್ಟು ಸೊಪ್ಪು ಮುದುರಿ ಕೂತಿತ್ತು. ಬರುವವರು ಮೂವರು, ನಾವು ಮೂವರು. ಸೊಪ್ಪು ತಿಂದೇ ಹೂಂ ಅನ್ನುತ್ತೇನೆ ಎಂದ ಮನುಷ್ಯ. ಅಡುಗೆಮನೆಯ ಗಡಿಯಾರ ನೋಡುವ ಧೈರ್ಯವಾಗಲಿಲ್ಲ. ಚೀಲ ಎಳೆದುಕೊಂಡು ಹಿಂಬಾಗಿಲಿಂದ ಓಡಿದೆ.

ತಿರುವಿನಲ್ಲಿ ಹೊಸದಾಗಿ ಒಂದು ಸೊಪ್ಪಿನಂಗಡಿ ತೆರೆದಿತ್ತು. ಹೆಸರಿನ ಫಲಕ ಇನ್ನೂ ಹಾಕಿರಲಿಲ್ಲ. ಅಂಗಡಿಯಾಕೆ ಪಾಲಕ್ಕು, ಮೆಂತ್ಯ ಎತ್ತಿ ತಕ್ಕಡಿಗೆ ಹಾಕಿದಳು. ಆಗ ನೋಡಿ, ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಳ್ಳಲ್ಲ. ಮಗಳ ಬಾಳು ತೂಗುಯ್ಯಾಲೆಯಲ್ಲಿದೆ, ಬೀಗರು ಬಾಗಿಲಿಗೆ ಬರುತ್ತಿದ್ದಾರೆ, ಆದರೂ ನನ್ನ ಕಣ್ಣು ತಕ್ಕಡಿಯ ಮುಳ್ಳಿನ ಮೇಲೆ ಹೋಯಿತು. ಸೊಪ್ಪಿನ ತಟ್ಟೆ ಏನೋ ಅವಸರದಲ್ಲಿ ಇಳಿಯಿತು. ಕೈ ಹಾಕಿ ಅಡಿ ತಡವಿದೆ. ನೆಲ್ಲಿಕಾಯಿ ಗಾತ್ರದ ಕಪ್ಪು ಮೇಣದ ಉಂಡೆ!

"ಏನಮ್ಮಾ ಇದು? ಹಗಲು ದರೋಡೆ!"

"ನಂಗೇನೂ ಗೊತ್ತಿಲ್ಲ ಸ್ವಾಮಿ. ಯಜಮಾನ್ರನ್ನ ಕೇಳಿ."

"ಎಲ್ಲಿ ನಿನ್ನ ಯಜಮಾನ?"

"ಯಾರದೋ ಮನೆಗೆ ಊಟಕ್ಕೆ ಹೋಗಿದ್ದಾರೆ."

"ಚೆನ್ನಾಗಿ ತಿಂದ್ಕೊಂಡು ಬರ್ಲಿ. ನಾಳೆ ಅರಗಿಸ್ತೀನಿ" ಎಂದು ಗುರುತಿನ ಚೀಟಿ ತೋರಿಸಿ, ಮೇಣದ ಸಮೇತ ಆ ಹಿತ್ತಾಳೆ ತಟ್ಟೆಯನ್ನು ಬಿಚ್ಚಿ ಜಪ್ತಿ ಮಾಡಿದೆ. ಒಂದು ಕೈಯಲ್ಲಿ ಸೊಪ್ಪು, ಕಂಕುಳಲ್ಲಿ ಅಪರಾಧದ ಸಾಕ್ಷಿ. ಓಟ ಅಂದರೆ ಓಟ.

ನಾನು ಹಿಂಬಾಗಿಲಿಂದ ಒಳಗೆ ಬರುವುದಕ್ಕೂ ಬೀಗರು ಮುಂಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಸರಿಹೋಯಿತು. ನನ್ನಾಕೆ ಪಾತ್ರೆಯನ್ನು ನೋಡಿದಳು, ನನ್ನನ್ನು ನೋಡಿದಳು, ಸೊಪ್ಪನ್ನು ಕಸಿದುಕೊಂಡು ತೊಳೆಯಲು ಕೂತಳು. ನಾನು ತಟ್ಟೆಯನ್ನು ಟವೆಲಿನಲ್ಲಿ ಸುತ್ತಿ ಮೂಲೆಯಲ್ಲಿಟ್ಟು, ಬೆವರು ಒರೆಸಿಕೊಂಡು, ನಗುಮುಖ ಧರಿಸಿ ಹೊರಗೆ ಹೋದೆ.

ಸಾಹುಕಾರರು ನಮ್ಮ ಕುರ್ಚಿಯಲ್ಲಿ ಅರ್ಧವೇ ಕೂತಿದ್ದರು. ಅವರ ಹೆಂಡತಿಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ದನಿ ದೊಡ್ಡದು. ಹುಡುಗ ನೀರು ಕುಡಿಯುತ್ತಲೇ ಇದ್ದ.

"ಹಿತ್ತಿಲು ನೋಡ್ಬಹುದಾ?" ಎಂದರು ಸಾಹುಕಾರರು.

"ಊಟ ಆದ್ಮೇಲೆ ನೋಡೋಣ! ಬಿಸಿ ಆರುತ್ತೆ!" ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಬೋಳಿಸಿದ ಹಿತ್ತಿಲಲ್ಲಿ ನೋಡಲು ಬಸವನಹುಳುಗಳು ಮಾತ್ರ ಉಳಿದಿದ್ದವು.

ಎಲ್ಲರೂ ಊಟದ ಮೇಜಿನ ಸುತ್ತ ಕೂತರು. ಅನ್ನ ಬಂತು, ಬೇಳೆ ಬಂತು. ಆಮೇಲೆ ಬೆಳ್ಳುಳ್ಳಿಯ ಘಮ ಬಂತು. ಅದರ ಹಿಂದೆ ನನ್ನಾಕೆ ಬಂದಳು, ಹೊಗೆಯಾಡುವ ಸೊಪ್ಪನ್ನು ಗುಡ್ಡದಂತೆ ಒಟ್ಟಿಕೊಂಡು, ಆ ಹಿತ್ತಾಳೆ ತಟ್ಟೆಯಲ್ಲಿ!

(ಆಮೇಲೆ ಹೇಳಿದಳು: "ಅಪರೂಪಕ್ಕೆ ನಿಮಗೆ ಬುದ್ಧಿ ಬಂದು ಬೀಗರಿಗೆ ಅಂತ ಹೊಸ ತಟ್ಟೆ ತಂದಿದ್ದೀರ ಅಂದ್ಕೊಂಡೆ. ಅಡಿಯಲ್ಲಿದ್ದದ್ದು ಕಾಲು ಅಂದ್ಕೊಂಡೆ." ಪಾಪ, ಅವಳಿಗೆ ಸಂತೋಷವಾಗಿತ್ತಂತೆ.)

ತಟ್ಟೆ ಮೇಜಿನ ನಡುವೆ, ಒಂದು ಕಡೆಗೆ ವಾಲಿಕೊಂಡು ಕೂತಿತು. ಅಂಚಿನಲ್ಲಿ ಸರಪಳಿಯ ಮೂರು ತೂತು, ತೂತಿನ ಪಕ್ಕದಲ್ಲಿ ಕೆತ್ತಿದ ಒಂದು ಗಿಳಿ. ಆ ಗಿಳಿಯನ್ನು ನೋಡಿದ ಸಾಹುಕಾರರ ಕೈ ಅನ್ನದ ಮೇಲೆಯೇ ನಿಂತಿತು. ಅವರ ಅಂಗಿಯ ಜೇಬಿನ ಮೇಲೂ ಅದೇ ಗಿಳಿ ಇತ್ತು. ಊಟಕ್ಕೆ ಹೋದ ಯಜಮಾನ ಯಾರು, ಯಾರ ಮನೆಗೆ ಎಂದು ನನಗೆ ಆಗ ಹೊಳೆಯಿತು.

ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಇದು ನನ್ನ ತಟ್ಟೆ ಎಂದು ಅವರು ಹೇಳಿದರೆ ಮೇಣವೂ ಅವರದೇ ಆಗುತ್ತದೆ. ಜಪ್ತಿ ಮಾಡಿದ್ದು ಎಂದು ನಾನು ಹೇಳಿದರೆ ಸೊಪ್ಪು ಹಿತ್ತಲದ್ದಲ್ಲ ಎಂದು ನಾನೇ ಒಪ್ಪಿಕೊಂಡಂತೆ. ಇಬ್ಬರಿಗೂ ಬಾಯಲ್ಲಿ ಬಿಸಿ ತುಪ್ಪ. ಅಷ್ಟರಲ್ಲಿ ಸೊಪ್ಪಿನ ಕಾವಿಗೆ ಮೇಣ ಕರಗತೊಡಗಿತು. ವಾಲಿದ್ದ ತಟ್ಟೆ ಮೆಲ್ಲಗೆ, ಬಹಳ ಮರ್ಯಾದೆಯಿಂದ, ನೆಟ್ಟಗಾಯಿತು. ಅದರ ಅಡಿಯಿಂದ ಒಂದು ಕಪ್ಪು ಜಿಡ್ಡು ಹೊರಟು ಬಿಳಿ ಮೇಜುಬಟ್ಟೆಯ ಮೇಲೆ ನೇರವಾಗಿ ಸಾಹುಕಾರರ ಕಡೆಗೆ ಹರಿಯಿತು. ಹುಡುಗನ ಲೋಟದಲ್ಲಿ ನೀರು ಮುಗಿದಿತ್ತು.

"ಏನ್ರೀ!" ಎಂದರು ಬೀಗಿತ್ತಿ, ಇಡೀ ಮನೆಗೆ ಕೇಳುವಂತೆ. "ಇದು ನಮ್ಮ ಅಂಗಡಿ ತಟ್ಟೆ ಅಲ್ವಾ? ಇದರಡಿ ಮೇಣ ಯಾಕಿದೆ? ನಮ್ಮ ತಟ್ಟೆ ಇವರ ಮನೇಲಿ ಯಾಕಿದೆ?"

ಎರಡು ಪ್ರಶ್ನೆ, ಇಬ್ಬರು ಗಂಡಸರು, ತಲೆಗೊಂದು. ನನ್ನ ನಾಲಿಗೆಯ ತುದಿಯಲ್ಲಿ ಕಾನೂನಿನ ಕಲಮುಗಳು ಸಾಲುಗಟ್ಟಿ ನಿಂತಿದ್ದವು. ಮಗಳ ಮುಖ ನೋಡಿ ಒಂದೊಂದನ್ನೂ ನುಂಗಿದೆ. ಅಷ್ಟು ಕಹಿಯಾದದ್ದನ್ನು ನಾನು ಜನ್ಮದಲ್ಲಿ ನುಂಗಿರಲಿಲ್ಲ.

ಸಾಹುಕಾರರು ಸೊಪ್ಪಿನ ಒಂದು ದಂಟನ್ನು ಎತ್ತಿ ತಿರುಗಿಸಿ ನೋಡಿದರು. "ಹಿತ್ತಲ ಸೊಪ್ಪಾದ್ರೆ ಎಲೆ ಚಿವುಟಿರ್ತಾರೆ. ಇದು ಬುಡಕ್ಕೇ ಕೊಯ್ದಿದ್ದು. ನಂದೇ ಸೊಪ್ಪು" ಎಂದರು ಮೆಲ್ಲಗೆ. ಬಾಯಿಗೆ ಹಾಕಿಕೊಂಡರು. ಅಗಿದರು. ನಾವೆಲ್ಲ ಅವರ ದವಡೆಯನ್ನೇ ನೋಡುತ್ತಿದ್ದೆವು.

ಆಮೇಲೆ ಅವರ ಹೊಟ್ಟೆ ಕುಲುಕಿತು. ನಗು! ಮೇಜು ಅಲುಗುವಂಥ ನಗು.

"ಅಯ್ಯೋ ಬೀಗರೇ! ನೀವು ನಿಯತ್ತಿನ ಕಂಬ ಅಂತ ನಾನು ಎಷ್ಟು ರಾತ್ರಿ ನಿದ್ದೆಗೆಟ್ಟೆ! ನೀವು ನೋಡಿದ್ರೆ ನನ್ನ ಸೊಪ್ಪು ನಂಗೇ ಬಡಿಸಿ, ನಮ್ಮ ಹಿತ್ತಲದ್ದು ಅಂತ ಹೇಳೋ ಗಿರಾಕಿ. ಮೇಣಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ?" ಈಗ ಅವರು ಕುರ್ಚಿಯಲ್ಲಿ ಪೂರ್ತಿ ಕೂತರು. "ನನ್ನ ಭಯ ಹೋಯ್ತು. 'ನಾನೂ ನಿಮ್ಮಂಥವನೇ' ಅಂತ ಒಂದು ಮಾತು ಹೇಳ್ಬಿಡಿ, ಸಂಬಂಧ ಈಗಲೇ ಗಟ್ಟಿ."

ಒಂದು ಬಟ್ಟಲು ಚಹಾವನ್ನೂ ಯಾವ ವ್ಯಾಪಾರಿಯ ಕೈಯಿಂದಲೂ ಕುಡಿಯದವನು ನಾನು. ಮಗಳು ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡಳು, ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಹಿಡಿಯುತ್ತಿದ್ದಳಲ್ಲ, ಹಾಗೆ.

"ನಾನೂ ನಿಮ್ಮಂಥವನೇ" ಎಂದೆ.

"ಜೋರಾಗಿ ಹೇಳಿ. ನಮ್ಮವಳಿಗೆ ಕೇಳಿಸ್ಲಿಲ್ಲ."

"ನಾನೂ ನಿಮ್ಮಂಥವನೇ!" ಎಂದು ಕೂಗಿದೆ.

ಬೀಗಿತ್ತಿ ತಲೆಯಾಡಿಸಿ ನಕ್ಕರು. ಮಗಳು ಅಳುತ್ತ ನಕ್ಕಳು. ಕಿಟಕಿ ತೆರೆದೇ ಇತ್ತು. ಹೋದ ತಿಂಗಳು ಕಳ್ಳತೂಕಕ್ಕೆಂದು ನಾನು ಕೇಸು ಹಾಕಿದ್ದ ಎದುರುಮನೆಯ ಅಕ್ಕಿ ವ್ಯಾಪಾರಿ ಜಗಲಿಯ ಮೇಲೆ ಎದ್ದು ನಿಂತು, ಹಲ್ಲು ಕಿರಿದು, ಬಹುಕಾಲದ ಬಂಧುವನ್ನು ಕಂಡವನ ಹಾಗೆ ಎರಡೂ ಕೈ ಜೋಡಿಸಿ ನನಗೆ ನಮಸ್ಕಾರ ಮಾಡಿದ. ನಾನೂ ಮಾಡಿದೆ.